ಎರಡು ಮೀನು ಒಯ್ದವನ ಚೀಟಿ

ಬಿ.ಸಿ.ರೋಡ್

ಇಂಗ್ಲೆಂಡಿಗೆ ಹೋಗಿ ಬಂದವರು ಅಲ್ಲಿನ ಅರಮನೆ, ಸೇತುವೆ, ದೊಡ್ಡ ಗಡಿಯಾರಗಳ ಬಗ್ಗೆ ಬರೆಯುತ್ತಾರೆ. ನಾನು ಅವು ಒಂದನ್ನೂ ನೋಡಲಿಲ್ಲ. ಐದು ವಾರದಲ್ಲಿ ನಾನು ಸರಿಯಾಗಿ ನೋಡಿದ್ದು ಒಂದು ಕೆರೆಯನ್ನು. ಅದೂ ನಮ್ಮ ಮೂಡುಬಿದಿರೆಯ ಯಾವ ಕೆರೆಯ ಪಕ್ಕದಲ್ಲಿಟ್ಟರೂ ನಾಚಿಕೊಳ್ಳುವಷ್ಟು ಸಣ್ಣದು. ಅದನ್ನು ನೋಡಲಿಕ್ಕೆ ಎಪ್ಪತ್ತಮೂರನೆಯ ವಯಸ್ಸಿನಲ್ಲಿ ಪಾಸ್‌ಪೋರ್ಟ್ ಮಾಡಿಸಿಕೊಂಡು ಹೋದೆ. ಯಾಕೆ ಹೋದೆ ಎಂಬುದನ್ನು ಕೊನೆಯವರೆಗೆ ಮುಚ್ಚಿಡುವುದಿಲ್ಲ. ನಲವತ್ತೇಳು ವರ್ಷ ಮುಚ್ಚಿಟ್ಟದ್ದು ಸಾಕು.

ನನ್ನ ಹೆಸರು ದೇಜಪ್ಪ. ಮೂವತ್ತು ವರ್ಷ ಬಿ.ಸಿ.ರೋಡಿನ ಬಸ್ ನಿಲ್ದಾಣದಲ್ಲಿ ಖಾಸಗಿ ಬಸ್ಸುಗಳ ಏಜೆಂಟ್ ಆಗಿದ್ದೆ. ‘ಪುಂಜಾಲಕಟ್ಟೆ, ಮಡಂತ್ಯಾರ್, ಗುರುವಾಯನಕೆರೆ, ಬೆಳ್ತಂಗಡಿ’ ಎಂದು ಒಂದೇ ಉಸಿರಿನಲ್ಲಿ ಕೂಗುವ ನನ್ನ ಸ್ವರವನ್ನು ಕೇಳಿದವರು ನಿಮ್ಮಲ್ಲಿ ಇರಬಹುದು. ಅದಕ್ಕೂ ಮೊದಲು, ಹತ್ತನೆಯ ತರಗತಿ ಮುಗಿಸಿದ ಮೇಲೆ, ಮೂಡುಬಿದಿರೆ ಕಡೆಯ ಒಂದು ಕಪ್ಪುಕಲ್ಲಿನ ಕೋರೆಯಲ್ಲಿ ಬಂಡೆ ಒಡೆಯುವ ಸಿಡಿಮದ್ದಿನ ತೋಟೆ ಇಡುವ ಕೆಲಸದಲ್ಲಿದ್ದೆ.

ಪುಂಜಾಲಕಟ್ಟೆಯಿಂದ ಒಳಗೆ ನಮ್ಮ ಊರು. ದೈವಸ್ಥಾನದ ಕೆಳಗೆ ಹೊಳೆ ತಿರುಗುವಲ್ಲಿ ಒಂದು ಕಯ ಉಂಟು. ಕಯ ಎಂದರೆ ಬೇಸಿಗೆಯಲ್ಲೂ ಬತ್ತದ ಆಳದ ಗುಂಡಿ. ಅದರಲ್ಲಿ ಪೆರುವೋಳು ಮೀನುಗಳಿವೆ. ನಮಗೆ ಅವು ದೇವರ ಮೀನು. ಮೈಯಲ್ಲಿ ಕಜ್ಜಿ, ತುರಿಕೆ ಆದವರು ಹರಕೆ ಹೇಳಿಕೊಂಡು ಅಕ್ಕಿಯನ್ನೋ ಹೊದಲನ್ನೋ ಹಾಕುತ್ತಾರೆ. ಮೀನು ಮೆಟ್ಟಿಲಿನವರೆಗೆ ಬಂದು ಬಾಯಿ ತೆರೆಯುತ್ತದೆ. ಅವನ್ನು ಯಾರೂ ಹಿಡಿಯುವುದಿಲ್ಲ.

ನಾನು ಅವನ್ನು ಕೊಂದೆ. ಒಂದು ಭಾನುವಾರ ಮಧ್ಯಾಹ್ನ ಊರೆಲ್ಲ ಮದುವೆಯ ಊಟಕ್ಕೆ ಹೋದ ಹೊತ್ತಿನಲ್ಲಿ ಕೋರೆಯಿಂದ ತಂದ ತೋಟೆಯನ್ನು ಕಯಕ್ಕೆ ಎಸೆದೆ. ಹಸಿವೆಯಿಂದ ಅಲ್ಲ. ಮನೆಯಲ್ಲಿ ಅಕ್ಕಿ ಇತ್ತು, ಒಣಮೀನೂ ಇತ್ತು. ದೇವರ ಮೀನಿನ ರುಚಿ ಹೇಗಿರುತ್ತದೆ ಎಂಬ ಚಪಲ, ಕೋರೆಯವರ ಮುಂದೆ ಕೊಚ್ಚಿಕೊಳ್ಳುವ ಕೊಬ್ಬು, ಅಷ್ಟೆ. ಎರಡು ಮೀನನ್ನು ಗೋಣಿಗೆ ತುಂಬಿಕೊಂಡು ಓಡಿದೆ. ಉಳಿದವು ಮರುದಿನದವರೆಗೂ ಒಂದೊಂದಾಗಿ ಹೊಟ್ಟೆ ಮೇಲಾಗಿ ತೇಲಿ ಬಂದವು.

ಊರು ಹೆಸರು ಹೇಳಿದ್ದು ಹಸನಬ್ಬನದು. ಹಸನಬ್ಬ ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ನಮ್ಮ ಕಡೆಗೆಲ್ಲ ಮೀನು ತರುತ್ತಿದ್ದ ಬ್ಯಾರಿ, ನಮ್ಮ ಕರಾವಳಿಯ ಮುಸ್ಲಿಂ, ನನಗಿಂತ ಎರಡು ವರ್ಷಕ್ಕೆ ದೊಡ್ಡವ. ಅವತ್ತು ಕಯದ ಪಕ್ಕದಲ್ಲಿ ಹೊಳೆ ದಾಟುವ ಸಣ್ಣ ಸೇತುವೆಯ, ಸಂಕದ, ಹತ್ತಿರ ಅವನ ಸೈಕಲ್ಲಿನ ಚೈನು ಬಿದ್ದಿತ್ತಂತೆ. ನಮ್ಮಲ್ಲಿ ತೀರದ ತಕರಾರಿಗೆ ದೈವಸ್ಥಾನದಿಂದ ಕಯಕ್ಕೆ ಇಳಿಯುವ ಮೆಟ್ಟಿಲಲ್ಲಿ ನಿಂತು ಪ್ರಮಾಣ ಮಾಡುವುದು ಕ್ರಮ. ಕೋರ್ಟಿಗೆ ಹೆದರದವರೂ ಅದಕ್ಕೆ ಹೆದರುತ್ತಾರೆ. ಹಸನಬ್ಬ, ಇಲ್ಲಿಯೂ ಪ್ರಮಾಣ ಮಾಡುತ್ತೇನೆ, ನಮ್ಮ ಪಳ್ಳಿಯಲ್ಲಿಯೂ ಮಾಡುತ್ತೇನೆ ಎಂದ. ಹಿರಿಯರೊಬ್ಬರು, ಬ್ಯಾರಿಯ ಪ್ರಮಾಣ ಇಲ್ಲಿ ಲೆಕ್ಕಕ್ಕಿಲ್ಲ, ಕಂಡವರು ಯಾರಾದರೂ ಇದ್ದರೆ ಹೇಳಲಿ ಎಂದರು. ಮದುವೆಗೆ ಹೋಗದೆ ಊರಿನಲ್ಲಿ ಉಳಿದಿದ್ದವ ನಾನೊಬ್ಬನೆ. ಕೋರೆಯ ಕೆಲಸದವನಾದರೂ ನಾನು ಅವರವ, ನನ್ನ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಮೂರನೆಯ ಮೆಟ್ಟಿಲಲ್ಲಿ ನಿಂತು ಕೈಮುಗಿದು ಹೇಳಿದೆ: “ಸಂಕದ ಹತ್ತಿರ ಬ್ಯಾರಿಯ ಸೈಕಲ್ ಕಂಡೆ.”

ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ದೊಡ್ಡ ಸುಳ್ಳನ್ನು ನಾನು ಮತ್ತೆ ಹೇಳಿಲ್ಲ.

ಮರುದಿನದಿಂದ ಹಸನಬ್ಬನ ಮೀನನ್ನು ಯಾರೂ ಮುಟ್ಟಲಿಲ್ಲ. ಆ ಮಳೆಗಾಲ ಮುಗಿಯುವ ಮೊದಲೇ ಅವ ಊರು ಬಿಟ್ಟ. ಮುಂಬಯಿ, ಹಡಗಿನ ಅಡುಗೆಕೋಣೆ ಎಂದೆಲ್ಲ ಸುದ್ದಿ ಬಂತು, ಮತ್ತೆ ಸುದ್ದಿಯೂ ನಿಂತಿತು. ಕಯಕ್ಕೆ ಮೀನು ಪುನಃ ಬಂತು. ಹರಕೆಗೆ ಬಂದವರಿಗೆ ನಮ್ಮವರು ಇವತ್ತಿಗೂ ಹೇಳುವುದು ಒಂದೇ ಕಥೆ: ಹಿಂದೆ ಒಬ್ಬ ಬ್ಯಾರಿ ತೋಟೆ ಹಾಕಿ ಎಲ್ಲ ಕೊಂದಿದ್ದ, ದೈವದ ಕಾರಣಿಕದಿಂದ ಮತ್ತೆ ಆಯಿತು.

ಹೋದ ವರ್ಷ ನನ್ನ ಅಕ್ಕನ ಮಗಳು ಪ್ರಮೀಳಾ ಫೋನು ಮಾಡಿದಳು. ಅವಳು ಇಂಗ್ಲೆಂಡಿನ ಉತ್ತರದ ಒಂದು ಸಣ್ಣ ಪಟ್ಟಣದಲ್ಲಿ ನರ್ಸು. ಕಣ್ಣಿನ ಆಪರೇಷನ್ನಿಗೆ ಬಂದ ಒಬ್ಬ ಮುದುಕ, ಅವಳು ತಾಯಿಯ ಹತ್ತಿರ ಫೋನಿನಲ್ಲಿ ತುಳು ಮಾತಾಡುವುದನ್ನು ಕೇಳಿ, ಯಾವ ಊರು ಮಗಾ ಎಂದು ಕೇಳಿದನಂತೆ. ಪುಂಜಾಲಕಟ್ಟೆ ಎಂದದ್ದಕ್ಕೆ, ಅಲ್ಲಿ ದೇಜಪ್ಪ ಅಂತ ಒಬ್ಬ ಇದ್ದ, ಈಗ ಇದ್ದಾನಾ ಎಂದನಂತೆ.

ಅಕ್ಕನಿಗೆ ನನ್ನ ವಿಷಯ ಗೊತ್ತಿತ್ತು. ಹೂತು ಹೋದದ್ದನ್ನು ಅಗೆಯಬೇಡ, ಕಾಲ ಸರಿ ಇಲ್ಲ, ಊರಿನಲ್ಲಿ ಬೆಂಕಿ ಬಿದ್ದೀತು ಎಂದಳು. ಬೆಂಕಿ ಅವತ್ತೇ ಬಿದ್ದಿದೆ, ಸುಟ್ಟದ್ದು ಅವನ ಮನೆ ಮಾತ್ರ ಎಂದೆ. ಟಿಕೇಟು ಮಾಡಿಸು ಎಂದು ಪ್ರಮೀಳಾಳಿಗೆ ಹೇಳಿದೆ.

ವಿಮಾನದಲ್ಲಿ

ಅಕ್ಕ ಮಗಳಿಗೆಂದು ದೈವಸ್ಥಾನದ ಪ್ರಸಾದದ ಜೊತೆಗೆ ಒಂದು ಸೇರು ಹೊದಲು ಕಟ್ಟಿಕೊಟ್ಟಿದ್ದಳು. ಭತ್ತವನ್ನು ಹುರಿದು ಅರಳಿಸಿದ ಈ ಹಗುರ ವಸ್ತುವನ್ನು ವಿಮಾನ ನಿಲ್ದಾಣದ ಆಫೀಸರಿಗೆ ಅರ್ಥ ಮಾಡಿಸುವುದಕ್ಕಿಂತ ಬಂಡೆಗೆ ತೋಟೆ ಇಡುವುದು ಸುಲಭ. ಆತ ಒಂದು ಕಾಳನ್ನು ಬೆರಳಿನಲ್ಲಿ ಹಿಸುಕಿ ನೋಡಿದ, ಮೂಸಿದ, ಇನ್ನೊಬ್ಬನನ್ನು ಕರೆದ. ಕೊನೆಗೆ ನಾನೇ ಒಂದು ಹಿಡಿ ತೆಗೆದು ತಿಂದು ತೋರಿಸಿದೆ. ಬಿಟ್ಟರು.

ವಿಮಾನದೊಳಗೆ ನನಗೆ ಕೂರಲಿಕ್ಕೇ ಆಗಲಿಲ್ಲ. ಹಿಂದೆ ಸೀಟುಗಳು ಖಾಲಿ, ಜನ ನಡುವಿನ ದಾರಿಯಲ್ಲಿ ನಿಂತು ತಡಕಾಡುತ್ತಿದ್ದಾರೆ. ‘ಹಿಂದೆ ಹೋಗಿ, ಹಿಂದೆ ಸೀಟುಂಟು’ ಎಂಬ ಮಾತು ಗಂಟಲಿನವರೆಗೆ ಬಂದು ನಿಂತಿತು. ಮೂವತ್ತು ವರ್ಷದ ಅಭ್ಯಾಸ ಆಕಾಶಕ್ಕೆ ಹೋದರೂ ಬಿಡುವುದಿಲ್ಲ.

ಇಳಿದ ಮೇಲೆ ಗಾಜಿನ ಹಿಂದಿನ ಹೆಂಗಸು, ಯಾಕೆ ಬಂದದ್ದು ಎಂದು ಕೇಳಿದಳು. ಅಕ್ಕನ ಮಗಳ ಮನೆಗೆ ಎಂದು ಹೇಳಲು ಪ್ರಮೀಳಾ ಗಿಳಿಪಾಠ ಮಾಡಿಸಿದ್ದಳು. ನನ್ನ ಬಾಯಿಯಿಂದ ಬಂದದ್ದು “ಫಿಶಿಂಗ್” ಎಂದು. ಆಕೆ ನನ್ನ ಬಿಳಿ ಪಂಚೆಯನ್ನೂ ಮೇಲಿನ ಸ್ವೆಟರನ್ನೂ ಒಮ್ಮೆ ನೋಡಿ, ನಕ್ಕು ಮೊಹರು ಹಾಕಿದಳು. ನಾನು ಸುಳ್ಳು ಹೇಳಿರಲಿಲ್ಲ. ಆದರೆ ಸುಳ್ಳಲ್ಲದ ಮಾತುಗಳ ಬಗ್ಗೆ ನನಗೆ ಭಯ ಉಂಟು.

ಪ್ರಮೀಳಾಳ ಊರು

ಅಲ್ಲಿನ ಬಸ್ಸಿನಲ್ಲಿ ಕಂಡಕ್ಟರ್ ಇಲ್ಲ, ಕ್ಲೀನರ್ ಇಲ್ಲ, ಏಜೆಂಟನ ಪ್ರಶ್ನೆಯೇ ಇಲ್ಲ. ಡ್ರೈವರನೇ ಎಲ್ಲ. ಇಳಿಯುವ ಪ್ರತಿಯೊಬ್ಬನೂ ಅವನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾನೆ. ಮೂವತ್ತು ವರ್ಷದಲ್ಲಿ ನನಗೆ ಥ್ಯಾಂಕ್ಸ್ ಹೇಳಿದವರು ಯಾರೂ ನೆನಪಿಗೆ ಬರಲಿಲ್ಲ. ಬೈದವರು ಸಾಲಾಗಿ ಬಂದರು. ನಿಲ್ದಾಣದಲ್ಲಿ ಮೂರು ಜನ ಇದ್ದರೂ ಒಬ್ಬರ ಹಿಂದೆ ಒಬ್ಬರು ನಿಲ್ಲುತ್ತಾರೆ. ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೂಗುವುದಿಲ್ಲ. ಅದರ ನೆತ್ತಿಯಲ್ಲಿ ಬರೆದಿರುತ್ತದೆ, ಜನ ಓದಿಕೊಂಡು ಹತ್ತುತ್ತಾರೆ. ಬರೆದದ್ದನ್ನು ನಂಬುವ ಜನ ಎಂದು ಆಗಲೇ ಮನಸ್ಸಿನಲ್ಲಿ ಗುರುತು ಹಾಕಿಕೊಂಡೆ.

ಹಸನಬ್ಬ ಪ್ರತಿ ಬುಧವಾರ ಕೆರೆಗೆ ಹೋಗುತ್ತಾನೆ, ಅಲ್ಲಿಯೇ ಸಿಗುತ್ತಾನಂತೆ ಎಂದು ಪ್ರಮೀಳಾ ಹೇಳಿದಳು. ನಾನು ಯಾಕೆ ಬಂದಿದ್ದೇನೆ ಎಂದು ಅವಳಿಗೆ ಆ ರಾತ್ರಿಯ ಊಟದ ಹೊತ್ತಿಗೆ ಹೇಳಿದೆ. ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿದಳು. ಆಮೇಲೆ, “ಮಾಮ, ಅವರು ನಿಮ್ಮ ಹೆಸರು ಹೇಳುವಾಗ ನಗಾಡಿದ್ರು. ಸಿಟ್ಟು ಇದ್ದ ಹಾಗೆ ಇರ್ಲಿಲ್ಲ” ಎಂದಳು. ಆ ನಗು ಏನೆಂದು ನನಗೂ ಅರ್ಥವಾಗಲಿಲ್ಲ.

ಮೊದಲ ಬುಧವಾರ

ಹಿಂದೆ ಬಟ್ಟೆಯ ಗಿರಣಿಗೆ ನೀರು ಕೊಡಲು ಕಟ್ಟಿದ ಕೆರೆಯಂತೆ. ಗಿರಣಿ ಹೋಯಿತು, ಕೆರೆ ಉಳಿಯಿತು. ಸುತ್ತ ಕಲ್ಲಿನ ಗೋಡೆ, ಒಂದು ಬದಿಗೆ ನೀರಿಗೆ ಬಾಗಿದ ಮರಗಳು, ಬಾಗಿಲಲ್ಲಿ ಒಂದು ಮರದ ಗುಡಿಸಲು. ಹದಿನೈದು ದಿನಕ್ಕೊಮ್ಮೆ ಲಾರಿಯಲ್ಲಿ ಟ್ರೌಟ್ ಮೀನು ಬರುತ್ತದೆ. ನಾವು ಹೋದಾಗ ಆ ಲಾರಿ ನಿಂತಿತ್ತು. ಟಾಂಕಿ, ಆಮ್ಲಜನಕದ ಸಿಲಿಂಡರು, ತೋಳಿನಷ್ಟು ದಪ್ಪದ ಪೈಪು. ಪೈಪಿನಿಂದ ಮೀನು ಸುರಿಯುವಾಗ ದಡದಲ್ಲಿ ಹತ್ತು ಹನ್ನೆರಡು ಮುದುಕರು ಗಾಳದ ಕೋಲು ಹಿಡಿದು, ಬಾಯಿ ಮುಚ್ಚಿಕೊಂಡು, ಬಡಿಸುವವರಿಗೆ ಕಾಯುವ ಪಂಕ್ತಿಯ ಹಾಗೆ ನಿಂತಿದ್ದರು. ನಮ್ಮಲ್ಲಿ ಮೀನು ತಾನಾಗಿ ಬರುತ್ತದೆ, ಮನುಷ್ಯ ಹಿಡಿಯಬಾರದು. ಇಲ್ಲಿ ಮನುಷ್ಯನೇ ತಂದು ಬಿಟ್ಟು, ತಾನೇ ಕಷ್ಟಪಟ್ಟು ಹಿಡಿಯುತ್ತಾನೆ. ಎರಡರಲ್ಲಿ ಯಾವುದು ಹೆಚ್ಚು ಹುಚ್ಚು ಎಂದು ತೀರ್ಮಾನಿಸಲು ನಾನು ಯೋಗ್ಯನಲ್ಲ.

ಆ ಸಾಲಿನಲ್ಲಿ ಒಬ್ಬ ಉಣ್ಣೆಯ ಟೊಪ್ಪಿಯ ಮುದುಕ ಕೋಲನ್ನು ಗೋಡೆಗೆ ಒರಗಿಸಿ ನನ್ನ ಕಡೆಗೆ ಬಂದ. ಗಡ್ಡ ಬೆಳ್ಳಗಾಗಿತ್ತು. ನಡಿಗೆ ಮಾತ್ರ ಸೈಕಲ್ಲು ತಳ್ಳುವವನದೇ, ಒಂದು ಭುಜ ತಗ್ಗಿಸಿ.

“ದೇಜು,” ಎಂದ. “ನಿನ್ನ ಹಲ್ಲೆಲ್ಲ ಎಲ್ಲಿ ಮಾರಾಯ? ಬಸ್ಸಿನಲ್ಲಿ ಬಿಟ್ಟು ಬಂದದ್ದಾ?”

ನನ್ನನ್ನು ತಬ್ಬಿಕೊಂಡ. ಎಪ್ಪತ್ತೈದರ ಮುದುಕ, ತುಳುವಿನಲ್ಲಿ ಮಾತಾಡಲು ಸಿಕ್ಕಿದ ಸಂತೋಷಕ್ಕೆ ಉಸಿರು ಬಿಡದೆ ಮಾತಾಡಿದ. ಬಂಟ್ವಾಳ ಪೇಟೆ, ಮೆಲ್ಕಾರಿನ ಹೋಟೆಲು, ಪಾಣೆಮಂಗಳೂರಿನ ಹಳೆಯ ಸಂಕ, ಎಲ್ಲ ಕೇಳಿದ. ಹೆಂಡತಿ ತೀರಿಕೊಂಡು ಆರು ವರ್ಷವಾಯಿತು, ಮಗಳು ಔಷಧದ ಅಂಗಡಿ ನೋಡಿಕೊಳ್ಳುತ್ತಾಳೆ ಎಂದ. ಗೋಡೆಯ ಮೇಲೆ ಕೂತು, ತನಗೆ ಈ ಕೆರೆ ಯಾಕೆ ಇಷ್ಟ ಎಂದು ಹೇಳಿದ. ಇಲ್ಲಿ ಒಬ್ಬನಿಗೆ ಎರಡೇ ಮೀನು. ಹೋಗುವಾಗ ಒಂದು ಚೀಟಿಯಲ್ಲಿ ಹೆಸರು, ಒಯ್ದದ್ದು ಎಷ್ಟು, ನೀರಿಗೆ ಬಿಟ್ಟದ್ದು ಎಷ್ಟು ಎಂದು ಬರೆದು ಗುಡಿಸಲಿನ ಪೆಟ್ಟಿಗೆಗೆ ಹಾಕಬೇಕು. ಯಾರೂ ಚೀಲ ಬಿಚ್ಚಿ ನೋಡುವುದಿಲ್ಲ.

“ನಾನು ಬರೆದರೆ ಆಯ್ತು, ನಂಬ್ತಾರೆ,” ಎಂದ. “ನೀನು ನಗಾಡ್ಬೇಡ. ಅದಕ್ಕೇ ನಾನು ಇಲ್ಲಿಗೆ ಬರುವುದು. ಮೀನು ಬೇಕಾದ್ರೆ ಅಂಗಡಿಯಲ್ಲಿ ಸಿಗ್ತದೆ.”

ನಾನು ನಗಲಿಲ್ಲ. ಆಮೇಲೆ ಅವ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಹೇಳಿದ ಮಾತನ್ನು ಇಲ್ಲಿ ಹಾಗೆಯೇ ಬರೆಯುತ್ತೇನೆ.

“ಅವತ್ತು ಮದುವೆಗೆ ಹೋದವರೂ ಒಂದಕ್ಕೆ ಎರಡು ಸೇರಿಸಿದ್ರು. ತೋಟೆ ಕಂಡೆ ಅಂತ ಒಬ್ಬ, ಗೋಣಿ ಕಂಡೆ ಅಂತ ಒಬ್ಬ. ನೀನು ಮಾತ್ರ ಕಂಡದ್ದನ್ನು ಕಂಡೆ ಅಂತ ಹೇಳಿದ್ದು. ಸೈಕಲ್ ಇದ್ದದ್ದು ಹೌದಲ್ವಾ? ಇಡೀ ಊರಿನಲ್ಲಿ ನಿಯತ್ತು ಇದ್ದವ ಒಬ್ಬ ಇದ್ದ ಅಂತ ನಾನು ಹಡಗಿನಲ್ಲೆಲ್ಲ ಹೇಳಿಕೊಂಡು ಬಂದಿದ್ದೇನೆ.”

ಆ ನಗುವಿನ ಅರ್ಥ ಆಗ ತಿಳಿಯಿತು. ಅವ ನನ್ನನ್ನು ವಿಚಾರಿಸಿದ್ದು ಸಿಟ್ಟಿನಿಂದಲ್ಲ, ಉಪಕಾರ ನೆನೆದು. ಬೈಗುಳಕ್ಕೆ ತಯಾರಾಗಿ ಬಂದವನಿಗೆ ಅದು ಎಲ್ಲಿ ತಾಗಿತು ಎಂದು ಹೇಳಲಾರೆ. ಅವ ಎದ್ದು ಗಾಳ ಹಾಕಲು ಹೋದ.

ಕೈಗೆ ಏನಾದರೂ ಕೆಲಸ ಬೇಕಾಗಿತ್ತು. ಚೀಲದಲ್ಲಿ ಹೊದಲಿನ ಕಟ್ಟಿತ್ತು. ಪ್ರಮೀಳಾ ಮಧ್ಯಾಹ್ನಕ್ಕೆಂದು ಇಟ್ಟದ್ದು. ಚಪ್ಪಲಿ ಕಳಚಿ, ಪಂಚೆ ಎತ್ತಿ ಕಟ್ಟಿ, ದಡದ ಕಲ್ಲಿನಲ್ಲಿ ಕೂತು ಒಂದು ಹಿಡಿ ನೀರಿಗೆ ಹಾಕಿದೆ. ಊರಿನಲ್ಲಿ ನೀರು, ಮೆಟ್ಟಿಲು, ಮೀನು ಕಂಡರೆ ಕೈ ತಾನಾಗಿ ಹಾಗೆ ಮಾಡುತ್ತದೆ. ಹೊಸದಾಗಿ ಬಿಟ್ಟ ಟ್ರೌಟುಗಳು ದಡದಲ್ಲಿ ಮನುಷ್ಯನ ನೆರಳು ಕಂಡರೆ ಊಟ ಬಂತು ಎಂದು ತಿಳಿಯುತ್ತವಂತೆ. ಒಂದೇ ಕ್ಷಣದಲ್ಲಿ ನೀರು ಕುದಿದ ಹಾಗೆ ಆಯಿತು. ನೂರು ಬಾಯಿ ನನ್ನ ಕಾಲಿನ ಹತ್ತಿರ ತೆರೆದವು. ನಲವತ್ತೇಳು ವರ್ಷದ ಹಿಂದೆಯೂ ಹೀಗೆಯೇ ತೆರೆದಿದ್ದವು. ಕಟ್ಟು ಜಾರಿ ಅರ್ಧಕ್ಕರ್ಧ ನೀರಿಗೆ ಚೆಲ್ಲಿತು.

ಹಿಂದಿನಿಂದ ಪೀಪಿ ಊದಿದ ಶಬ್ದ. ಕೆರೆಯ ಮೇಲ್ವಿಚಾರಣೆ ಪ್ಯಾಟ್ ಎಂಬ ಹೆಂಗಸಿನದು. ಅರುವತ್ತು ದಾಟಿದವಳು, ಮೊಣಕಾಲಿನವರೆಗೆ ರಬ್ಬರ್ ಬೂಟು, ಜೊತೆಗೆ ಕುಂಟುವ ನಾಯಿ. ನೀರಿಗೆ ತಿನ್ನುವ ವಸ್ತು ಹಾಕಬಾರದು ಎಂಬುದು ಆ ಕೆರೆಯ ಮೊದಲ ಕಾನೂನು. ನಾನು ಬೋರ್ಡಿನ ಬುಡದಲ್ಲೇ ಕೂತು ಅದನ್ನು ಮುರಿದಿದ್ದೆ. ಇಡೀ ದಡದ ಮುದುಕರು ನನ್ನನ್ನೇ ನೋಡಿದರು. ಮೀನುಗಳೆಲ್ಲ ನನ್ನ ಕಾಲಿನ ಹತ್ತಿರ, ಅವರ ಗಾಳದ ಹತ್ತಿರ ಒಂದೂ ಇಲ್ಲ. ಹಸನಬ್ಬ ಓಡಿ ಬಂದು, ಇದು ನಮ್ಮ ಊರಿನ ಪೂಜೆಯ ಕ್ರಮ, ಇವನಿಗೆ ಗೊತ್ತಿಲ್ಲ, ಇವನ ಮಾತಿಗೆ ನಾನು ಜವಾಬ್ದಾರಿ ಎಂದು ಅವಳ ಭಾಷೆಯಲ್ಲಿ ಹೇಳಿದ. ಪ್ಯಾಟ್ ನನ್ನ ಬರಿಗಾಲನ್ನು ನೋಡಿ ಸ್ವಲ್ಪ ಮೆತ್ತಗಾದಳು. ಉಳಿದ ಹೊದಲನ್ನು ಜಪ್ತಿ ಮಾಡಿ ಗುಡಿಸಲಿನಲ್ಲಿಟ್ಟು, ಹೋಗುವಾಗ ವಾಪಸು ಕೊಟ್ಟಳು.

ಅವ ನನಗೆ ಜಾಮೀನು ನಿಂತ. ನಾನು ಅವನ ಮೀನು ನಾರುವ ಕಾರಿನಲ್ಲಿ ಕೂತು, ಒಂದು ಮಾತೂ ಹೇಳದೆ, ಪ್ರಮೀಳಾಳ ಮನೆಯ ಬಾಗಿಲಲ್ಲಿ ಇಳಿದೆ.

ಎರಡನೆಯ ಬುಧವಾರ

ಆ ವಾರ ಪೂರ್ತಿ ಮಳೆ. ಮಳೆಯೂ ಅಲ್ಲ, ಜರಡಿಯಿಂದ ಹಿಟ್ಟು ಉದುರಿದ ಹಾಗೆ. ನಮ್ಮ ಊರಿನ ಮಳೆ ಹೀಗೆ ಸಂಕೋಚಪಟ್ಟುಕೊಂಡು ಬೀಳುವುದನ್ನು ನಾನು ಕಂಡಿಲ್ಲ. ಪ್ರಮೀಳಾ ಕೆಲಸಕ್ಕೆ ಹೋಗುವಾಗ, ಹೇಳ್ಲಿಕ್ಕೆ ಆಗದಿದ್ರೆ ಬಿಡಿ ಮಾಮ, ಅವರೂ ಖುಷಿಯಲ್ಲಿದ್ದಾರೆ, ಆ ಖುಷಿ ಯಾಕೆ ತೆಗೆಯುವುದು ಎಂದಳು. ಇದೇ ಮಾತನ್ನು ನಾನೂ ಆರು ದಿನ ನನಗೆ ಹೇಳಿಕೊಂಡಿದ್ದೆ. ಬೇರೆಯವರ ಬಾಯಿಯಲ್ಲಿ ಕೇಳಿದಾಗ ಅದರ ನಾತ ಹೊಡೆಯಿತು. ಅವನ ಖುಷಿಗೆ ಅಂತ ಹೇಳಿ ನನ್ನ ತಲೆ ಉಳಿಸಿಕೊಳ್ಳುವ ಉಪಾಯ.

ಬುಧವಾರ ಹಸನಬ್ಬ ನನಗೂ ಒಂದು ಕೋಲು ತಂದಿದ್ದ. ಗರಿ ಕಟ್ಟಿದ ಸಣ್ಣ ಗಾಳ, ನೊಣದ ಹಾಗೆ. ಮೊದಲ ಎಸೆತ ಮರಕ್ಕೆ ಸಿಕ್ಕಿತು, ಎರಡನೆಯದು ನನ್ನ ಸ್ವೆಟರಿನ ಬೆನ್ನಿಗೆ. ನೀನು ಗಾಳ ಹಾಕುವುದು ನಾಯಿಗೆ ಕಲ್ಲು ಬಿಸಾಡಿದ ಹಾಗೆ ಉಂಟು ಎಂದು ಅವ ನಕ್ಕ. ಅದು ಹೇಗೋ ಐದಾರು ಎಸೆತದ ಮೇಲೆ ದಾರ ಬಿಗಿಯಾಯಿತು. ಎಳೆದು ತಂದ ಮೀನಿನ ಮೈಯಲ್ಲಿ ಕಪ್ಪು ಚುಕ್ಕೆ, ಪಕ್ಕೆಯಲ್ಲಿ ಕೆಂಪಿನ ಗೆರೆ. ಹಸನಬ್ಬ ಜೇಬಿನಿಂದ ಒಂದು ಗಿಡ್ಡ ಮರದ ದೊಣ್ಣೆ ತೆಗೆದು ಕೊಟ್ಟ. ತಲೆಗೆ ಒಂದೇ ಪೆಟ್ಟು ಕೊಡಲಿಕ್ಕೆ. ಆ ದೊಣ್ಣೆಗೆ ಅಲ್ಲಿಯವರು ಇಟ್ಟ ಹೆಸರು ಪಾದ್ರಿ ಎಂದಂತೆ, ಕೊನೆಯ ಪ್ರಾರ್ಥನೆ ಮಾಡಿಸುವವ. ನನ್ನಿಂದ ಆಗಲಿಲ್ಲ. ಅವನೇ ಮಾಡಿದ.

ಆಮೇಲೆ ಗೋಡೆಯ ಮೇಲೆ ಕೂತು ಚೀಟಿಯನ್ನೂ ಪೆನ್ಸಿಲನ್ನೂ ಕೊಟ್ಟ. ಕನ್ನಡದಲ್ಲೇ ಬರೆ, ಪ್ಯಾಟ್ ಅಂಕಿ ಮಾತ್ರ ನೋಡುವುದು ಎಂದ. ನಾನು ಹೆಸರು ಬರೆದೆ. ಒಯ್ದದ್ದು ಎಂಬಲ್ಲಿ ಎರಡು ಎಂದು ಬರೆದೆ. ಬಿಟ್ಟದ್ದು ಎಂಬಲ್ಲಿ, ‘ಉಳಿದದ್ದೆಲ್ಲ, ಸತ್ತು’ ಎಂದು ಬರೆದು ಅವನ ಕೈಗೆ ಕೊಟ್ಟೆ. ಬಾಯಿಗೆ ಆಗದ್ದು ಕೈಗೆ ಆಯಿತು.

ಅವ ಕನ್ನಡಕ ಹಾಕಿ ಎರಡು ಸಲ ಓದಿದ. “ನೀನು ಹಿಡಿದದ್ದು ಒಂದಲ್ವಾ?”

“ಇದು ಇಲ್ಲಿಯದ್ದಲ್ಲ, ಹಸನಬ್ಬ. ನಮ್ಮ ಕಯದ್ದು. ತೋಟೆ ಹಾಕಿದ್ದು ನಾನು.”

ಎದುರಿನ ದಡದಲ್ಲಿ ಯಾರದೋ ಗಾಳಕ್ಕೆ ಮೀನು ಬಿದ್ದು ನೀರು ಬಡಿಯುತ್ತಿತ್ತು. ಅವ ಕನ್ನಡಕ ತೆಗೆದು ಜೇಬಿಗೆ ಹಾಕಿದ.

“ಸೈಕಲ್ ಕಂಡದ್ದು ಎಲ್ಲಿಂದ?”

“ಕಯದ ಕಲ್ಲಿನ ಹಿಂದಿನಿಂದ. ಅಡಗಿ ಕೂತಿದ್ದೆ. ನೀನು ಚೈನು ಹಾಕಿ ಹೋಗಲಿ ಅಂತ ಕಾದದ್ದು.”

ಇಷ್ಟು ಹೇಳಿದ ಮೇಲೆ ಉಳಿದದ್ದನ್ನೂ ಹೇಳಿದೆ. ಇದನ್ನು ಅಕ್ಕನಿಗೂ ಹೇಳಿರಲಿಲ್ಲ. ತೋಟೆ ಹಾಕುವ ಮೊದಲು ನಾನು ಎರಡು ಹಿಡಿ ಅಕ್ಕಿ ಹಾಕಿದ್ದೆ. ಹರಕೆಯವರು ಬಂದರು ಎಂದುಕೊಂಡು ಮೀನುಗಳು ಎಲ್ಲ ಕಡೆಯಿಂದ ಮೆಟ್ಟಿಲಿಗೆ ಬಂದವು. ಆಮೇಲೆ ಬತ್ತಿಗೆ ಬೆಂಕಿ ಕೊಟ್ಟೆ.

ಹಸನಬ್ಬ ಚೀಟಿಯನ್ನು ನಾಲ್ಕಾಗಿ ಮಡಚಿದ. ಸ್ವರ ಏರಿಸಲಿಲ್ಲ.

“ನಾನು ಬಂದ ಮೇಲೆ ಉಮ್ಮ ಹನ್ನೆರಡು ವರ್ಷ ಬದುಕಿದ್ಲು. ಅವಳ ಹೆಸರು ಬೀಫಾತಿಮ. ಆ ಹೆಸರು ಯಾರೂ ಕರೀಲಿಲ್ಲ. ತೋಟೆ ಬ್ಯಾರಿಯ ತಾಯಿ. ರೇಷನ್ ಅಂಗಡಿಯಲ್ಲಿ ತೋಟೆ ಬ್ಯಾರಿಯ ತಾಯಿ, ಬಸ್ಸಿನಲ್ಲಿ ತೋಟೆ ಬ್ಯಾರಿಯ ತಾಯಿ. ಅವಳು ಸತ್ತಾಗ ನಾನು ಸಮುದ್ರದ ನಡುವಿನಲ್ಲಿದ್ದೆ. ನೀನು ಬಿ.ಸಿ.ರೋಡಿನಲ್ಲಿದ್ದೆ. ಅವಳು ನಿನ್ನ ಬಸ್ಸು ಹತ್ತಿರ್ಬಹುದು.”

ಹತ್ತಿದ್ದಳು. ಅದನ್ನೂ ಹೇಳಿದೆ. ನಾನು ಪ್ರತಿ ಸಲ ಬೇರೆ ಬಸ್ಸಿನ ಕಡೆಗೆ ತಿರುಗಿ ಕೂಗುತ್ತಿದ್ದೆ.

ನಾನು ಕೈಮುಗಿಯಲು ಹೋದಾಗ ಅವ ನನ್ನ ಕೈಯನ್ನು ಕೆಳಗೆ ಒತ್ತಿದ.

“ಇಲ್ಲಿ ಕೈಮುಗಿದು ಎಂತ ಪ್ರಯೋಜನ? ಈ ಬಾತುಕೋಳಿಗಳಿಗೆ ಗೊತ್ತಾಗ್ಬೇಕಾ? ನನ್ನ ಹತ್ರ ಹೇಳಿ ಹಗುರ ಆಗಿ ವಿಮಾನ ಹತ್ತುವ ಅಂತ ಬಂದದ್ದಾ? ಎಲ್ಲಿ ನಿಂತು ಸೈಕಲ್ ಅಂತ ಹೇಳಿದ್ಯೋ ಅಲ್ಲೇ ನಿಂತು ಹೇಳು. ಫೋನು ಹಿಡಿದುಕೊಂಡು ಹೇಳು. ನನಗೆ ಕೇಳ್ಬೇಕು.”

“ಹೇಳ್ತೇನೆ,” ಎಂದೆ.

“ನಿನ್ನ ಮಾತು ನಾನು ಒಮ್ಮೆ ನಂಬಿ ಆಗಿದೆ,” ಎಂದ. “ಚೀಟಿ ನನ್ನ ಹತ್ರ ಇರ್ಲಿ. ಪೆಟ್ಟಿಗೆಗೆ ಈಗ ಹಾಕುವುದಿಲ್ಲ.”

ಅವತ್ತು ಅವ ನನ್ನನ್ನು ಕಾರಿನಲ್ಲಿ ಬಿಡಲಿಲ್ಲ. ನಾನು ಬಸ್ಸಿನಲ್ಲಿ ಬಂದೆ. ಇಳಿಯುವಾಗ ಡ್ರೈವರನಿಗೆ ಥ್ಯಾಂಕ್ಸ್ ಹೇಳಿದೆ.

ಮತ್ತೆ ಎರಡು ಬುಧವಾರ ಕೆರೆಗೆ ಹೋದೆ. ಅವ ಮಾತಾಡಲಿಲ್ಲ, ಹೋಗು ಎಂದೂ ಹೇಳಲಿಲ್ಲ. ನಾನು ಗೋಡೆಯ ಈ ತುದಿ, ಅವ ಆ ತುದಿ. ಕೊನೆಯ ಸಲ ಹೊರಡುವಾಗ ತನ್ನ ಎರಡು ಮೀನಿನಲ್ಲಿ ಒಂದನ್ನು ಕಾಗದದಲ್ಲಿ ಸುತ್ತಿ ನನ್ನ ಪಕ್ಕದಲ್ಲಿಟ್ಟು ನಡೆದ. “ಚೀಟಿ ಬರೆದ ಮೀನು, ಹೆದರದೆ ತಿನ್ನು” ಎಂದ. ಪ್ರಮೀಳಾ ಅದನ್ನು ಮೆಣಸು ಅರೆದು ಕಾಯಿಸಿದಳು. ಕೆಸರಿನ ರುಚಿ ಇತ್ತು. ಮುಳ್ಳು ಬಿಡದೆ ತಿಂದೆ.

ಮೂರನೆಯ ಮೆಟ್ಟಿಲು

ಊರಿಗೆ ಬಂದ ವಾರದಲ್ಲಿ ದೈವಸ್ಥಾನದ ಸಮಿತಿಯ ಅಧ್ಯಕ್ಷರ ಮನೆಗೆ ಹೋಗಿ ವಿಷಯ ತಿಳಿಸಿದೆ. ಅವರು ನನಗಿಂತ ಸಣ್ಣವರು, ಬ್ಯಾಂಕಿನ ಮ್ಯಾನೇಜರ್ ಆಗಿ ನಿವೃತ್ತರಾದವರು. ಕುಡಿಯಲು ಮಜ್ಜಿಗೆ ಕೊಟ್ಟರು. ತಪ್ಪುಕಾಣಿಕೆ ಹಾಕಿ, ಒಳಗೆ ಹೋಗಿ ದೈವದ ಹತ್ತಿರ ಮನಸ್ಸಿನಲ್ಲೇ ಹೇಳಿಕೊಳ್ಳಿ, ಜನರ ಎದುರು ಯಾಕೆ ಎಂದರು. ದೈವಕ್ಕೆ ಅವತ್ತೇ ಗೊತ್ತಿತ್ತು, ಗೊತ್ತಿಲ್ಲದ್ದು ಜನರಿಗೆ ಎಂದೆ. “ದೇಜಪ್ಪಣ್ಣ, ಈಗಿನ ಕಾಲದಲ್ಲಿ ಈ ಮಾತು ಬೇರೆಯೇ ಆಗ್ತದೆ. ನಮ್ಮವರ ಮರ್ಯಾದೆಯ ಪ್ರಶ್ನೆ” ಎಂದರು. ನಮ್ಮವರ ಮರ್ಯಾದೆಯನ್ನು ಒಬ್ಬಳು ಬ್ಯಾರ್ದಿ ಮುದುಕಿ ಸಾಯುವವರೆಗೆ ಹೊತ್ತಿದ್ದಾಳೆ, ಸಾಕು ಎಂದು ಹೇಳಿ ಎದ್ದೆ. ಮಜ್ಜಿಗೆ ಅರ್ಧ ಉಳಿಯಿತು.

ವೃಶ್ಚಿಕ ಸಂಕ್ರಮಣದ ದಿನ ಹರಕೆಯವರು ನಲವತ್ತು ಐವತ್ತು ಜನ ಸೇರಿದ್ದರು. ಸಮಿತಿಯ ಒಬ್ಬರು ಮೈಕಿನಲ್ಲಿ ಕಯದ ಕಥೆ ಸುರು ಮಾಡಿದ್ದರು. ‘ಹಿಂದೆ ಒಬ್ಬ ಬ್ಯಾರಿ’ ಎಂಬಲ್ಲಿಗೆ ಬಂದಾಗ ನಾನು ಮೂರನೆಯ ಮೆಟ್ಟಿಲಿಗೆ ಇಳಿದೆ. ಪ್ರಮೀಳಾ ಹಸನಬ್ಬನ ನಂಬರನ್ನು ಮೊದಲೇ ನನ್ನ ಫೋನಿಗೆ ಹಾಕಿಕೊಟ್ಟಿದ್ದಳು. ಅಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ, ಅವನ ಬೆಳಗಿನ ನಮಾಜಿನ ಹೊತ್ತು. ಅವ ಎತ್ತಿದ, ಹಲೋ ಎನ್ನಲಿಲ್ಲ. ಫೋನನ್ನು ಎತ್ತಿ ಹಿಡಿದೆ.

ನನಗೆ ಮೈಕ್ ಬೇಕಾಗಿರಲಿಲ್ಲ. ಬಿ.ಸಿ.ರೋಡಿನಲ್ಲಿ ಹತ್ತು ಬಸ್ಸಿನ ಹಾರನ್ನಿನ ಮೇಲೆ ಕೇಳುತ್ತಿದ್ದ ಸ್ವರ ಇನ್ನೂ ಉಂಟು. ತೋಟೆ ಹಾಕಿದ್ದು ಬ್ಯಾರಿ ಅಲ್ಲ, ನಾನು, ದೇಜಪ್ಪ ಎಂದು ಕೂಗಿದೆ. ಮೊದಲು ಅಕ್ಕಿ ಹಾಕಿದ್ದನ್ನು, ಎರಡು ಮೀನು ಒಯ್ದದ್ದನ್ನು, ಕಲ್ಲಿನ ಹಿಂದಿನಿಂದ ಸೈಕಲ್ ಕಂಡದ್ದನ್ನು, ಇದೇ ಮೆಟ್ಟಿಲಲ್ಲಿ ಅದನ್ನು ಪ್ರಮಾಣ ಮಾಡಿದ್ದನ್ನು ಹೇಳಿದೆ. ಹಸನಬ್ಬನ ತಾಯಿಯ ಹೆಸರು ಬೀಫಾತಿಮ ಎಂದು ಮೂರು ಸಲ ಹೇಳಿದೆ. ಸಮಿತಿಯ ಇಬ್ಬರು ಬಂದು ತೋಳು ಹಿಡಿದರು. ಬಿಡಿಸಿಕೊಂಡೆ. ಒಬ್ಬ ಯುವಕ, ಎಷ್ಟು ಕೊಟ್ಟಿದ್ದಾರೆ ನಿಮಗೆ ಎಂದು ಕೇಳಿದ. ಮೊಮ್ಮಗುವಿನ ಕಜ್ಜಿಗೆ ಹರಕೆ ತಂದ ಒಬ್ಬಳು ಮುದುಕಿ, “ತಿಂದದ್ದು ಹೌದಲ್ವಾ? ಹೇಗಿತ್ತು?” ಎಂದು ಕೇಳಿದಳು. ಕೆಸರಿನ ರುಚಿ ಎಂದು ಅವಳಿಗೆ ಹೇಳಿದೆ.

ಹರಕೆಯ ಅಕ್ಕಿಯ ತಟ್ಟೆಯನ್ನು ನನ್ನ ಕೈಗೆ ಸಿಗದ ಹಾಗೆ ಎತ್ತಿಟ್ಟರು. ಪರವಾಗಿಲ್ಲ. ಪ್ಯಾಟ್ ವಾಪಸು ಕೊಟ್ಟ ಹೊದಲು ಚೀಲದ ತಳದಲ್ಲಿತ್ತು, ಇಂಗ್ಲೆಂಡಿನ ತೇವ ಹಿಡಿದು ಮೆತ್ತಗಾಗಿತ್ತು. ಹಸನಬ್ಬನ ಹೆಸರು ಹೇಳಿ ಕಯಕ್ಕೆ ಹಾಕಿದೆ. ಮೀನು ಬರುತ್ತವೋ ಇಲ್ಲವೋ ಎಂದು ಕಾಯುವ ಧೈರ್ಯ ಇರಲಿಲ್ಲ, ಫೋನನ್ನು ಕಿವಿಗೆ ಇಟ್ಟೆ.

“ಕೇಳಿತು,” ಎಂದ. ಆಮೇಲೆ, “ಬುಧವಾರ ಚೀಟಿ ಪೆಟ್ಟಿಗೆಗೆ ಹಾಕ್ತೇನೆ” ಎಂದ. ಫೋನು ಇಟ್ಟ. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಈ ಪ್ರವಾಸದ ಕಥೆಯನ್ನು ಬರೆಯಬೇಡ ಎಂದು ಅಕ್ಕ ಹೇಳಿದ್ದಾಳೆ, ಸಮಿತಿಯವರು ಹೇಳಿ ಕಳಿಸಿದ್ದಾರೆ. ಬರೆದಿದ್ದೇನೆ. ಒಮ್ಮೆ ಕೂಗಿದ ಮಾತ್ರಕ್ಕೆ ಊರಿನ ಬಾಯಿಯ ಕಥೆ ಬದಲಾಗುವುದಿಲ್ಲ ಎಂದು ನನಗೆ ಗೊತ್ತುಂಟು. ಹಾಗಾಗಿ ಧನು ಸಂಕ್ರಮಣಕ್ಕೂ ಅದೇ ಮೆಟ್ಟಿಲಲ್ಲಿ ಇರುತ್ತೇನೆ, ಮಕರಕ್ಕೂ ಇರುತ್ತೇನೆ. ತಡೆಯುವವರು ಬರಬಹುದು. ಬಸ್ಸು ತುಂಬುವವರೆಗೆ ಕೂಗುವುದನ್ನು ನಿಲ್ಲಿಸಿ ನನಗೆ ಅಭ್ಯಾಸ ಇಲ್ಲ.